ಗಾಲಿಯ ಮೇಲಣ ಬಿಡಾರ

ಧಾರವಾಡದ ಜಡಿಮಳೆಯನ್ನೂ ಮಾಗಿಯ ಮಂಜನ್ನೂ ಅರುವತ್ತು ವರ್ಷ ಕಂಡುಂಡ ನಮಗೆ, ಚಳಿಯೆಂದರೇನೆಂಬುದು ತಿಳಿದಿದೆಯೆಂಬ ಹೆಮ್ಮೆಯಿದ್ದಿತು. ೨೦೨೩ರ ಮಾರ್ಚಿ ತಿಂಗಳಲ್ಲಿ ಅಮೇರಿಕೆಯ ಕೊಲರಾಡೊ ಸಂಸ್ಥಾನದಲ್ಲಿ ಕಳೆದ ಒಂದು ರಾತ್ರಿ ಆ ಹೆಮ್ಮೆಯನ್ನು ಇಳಿಸಿತು.

ನಮ್ಮ ಮಗನಿಗೆ ಡೆನ್ವರ್ ಪಟ್ಟಣದಲ್ಲಿ ಉದ್ಯೋಗ. ನಮ್ಮ ಯಜಮಾನರು ಮೂವತ್ತು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವರು; ಹಕ್ಕಿಯೆಂದರೆ ಊಟ ಬಿಟ್ಟು ಏಳುವವರು. ಅಲ್ಲಿಂದ ದಕ್ಷಿಣಕ್ಕಿರುವ ಸ್ಯಾನ್ ಲೂಯಿಸ್ ಕಣಿವೆಗೆ ಫೆಬ್ರುವರಿ ಮಾರ್ಚಿಗಳಲ್ಲಿ ಇಪ್ಪತ್ತು ಸಾವಿರದಷ್ಟು ಸ್ಯಾಂಡ್‌ಹಿಲ್ ಕ್ರೌಂಚಗಳು ಬಂದಿಳಿಯುವುವೆಂದು ಓದಿದಂದಿನಿಂದ ಅದನ್ನೇ ಜಪಿಸುತ್ತಿದ್ದರು. ಆದರೆ ಹಿಂದಿನ ವರ್ಷವೇ ನ್ಯುಮೋನಿಯಾ ಬಂದು ಹದಿನೈದು ದಿನ ಹಾಸಿಗೆ ಹಿಡಿದಿದ್ದವರು. ಅವರನ್ನು ಹಿಮದ ನಾಡಿನಲ್ಲಿ ತಿರುಗಿಸುವುದೆಂದರೆ ನಮ್ಮ ಎದೆ ನಡುಗಿತು. ಮಗನು ಮಾತ್ರ, “ಅವ್ವಾ, ಮನೀನ ಸಂಗಾಟ ಒಯ್ಯೋಣು, ಚಿಂತಿ ಯಾಕ?” ಎಂದನು.

ಅವನ ಮಾತು ಹಾಸ್ಯವಲ್ಲ. ಆ ದೇಶದಲ್ಲಿ ಪಿಕಪ್ ಟ್ರಕ್ಕಿನ ತೆರೆದ ಹಿಂಭಾಗದಲ್ಲಿ ಕೂಡಿಸುವ ಪೆಟ್ಟಿಗೆಯಂಥ ಬಿಡಾರವೊಂದುಂಟು, ಕ್ಯಾಂಪರ್ ಎನ್ನುವರು. ಅದರ ಒಂದು ತುದಿ ಚಾಲಕನ ತಲೆಯ ಮೇಲಕ್ಕೆ ಚಾಚಿ ಅಟ್ಟದಂತೆ ನಿಲ್ಲುವುದು. ಮಲಗುವ ಸ್ಥಳ ಅದು. ಕೆಳಗೆ ಒಲೆ, ಎದುರುಬದುರು ಎರಡು ಆಸನ, ನಡುವೆ ಆರು ಅಡಿ ಉದ್ದ, ಎರಡೂವರೆ ಅಡಿ ಅಗಲದ ನೆಲ. ಇಷ್ಟೇ ಮನೆ. ಮಗನು ಹಳೆಯದೊಂದನ್ನು ಕೊಂಡು, ಚಳಿಗಾಲದ ಪ್ರಯಾಣಕ್ಕೆ ತಕ್ಕುದಾಗುವಂತೆ ಅದರ ಒಳಭಾಗವನ್ನು ಮೂರು ತಿಂಗಳು ತಿದ್ದಿದನು. ರವಿವಾರಗಳಂದು ನಾವೂ ಕತ್ತರಿ, ಸೂಜಿ ಹಿಡಿದು ಕುಳಿತೆವು.

ನಾವು ತಿಳಿದುಕೊಂಡಿದ್ದುದು, ಚಳಿಗೆ ಬೇಕಾದುದು ಬೆಂಕಿಯೊಂದೇ ಎಂದು. ಅವನ ಲೆಕ್ಕ ಬೇರೆ. ಬೆಂಕಿಗಿಂತ ಮೊದಲು ಗೋಡೆ, ಗೋಡೆಗಿಂತ ಮೊದಲು ತೇವ. ಇಬ್ಬರು ಮೂವರು ರಾತ್ರಿಯೆಲ್ಲ ಉಸಿರಾಡಿದರೆ ಲೋಟಗಟ್ಟಲೆ ನೀರು ಆವಿಯಾಗಿ ಗಾಳಿಯಲ್ಲಿ ಸೇರುವುದು. ಆ ಆವಿ ತಣ್ಣಗಿರುವ ಕಡೆ ಹುಡುಕಿಕೊಂಡು ಹೋಗಿ ಹನಿಯಾಗುವುದು. ಗ್ಯಾಸಿನ ಒಲೆಯಂತೂ ಇನ್ನೂ ವಿಚಿತ್ರ. ಒಂದು ಸೇರು ಪ್ರೊಪೇನ್ ಅನಿಲ ಉರಿದರೆ ಒಂದೂವರೆ ಸೇರಿಗಿಂತ ಹೆಚ್ಚು ತೂಕದ ನೀರು ಹುಟ್ಟುವುದೆಂದು ಅವನು ಹೇಳಿದಾಗ ನಾವು ನಂಬಲಿಲ್ಲ. ಯಜಮಾನರು ಕಾಗದದ ಮೇಲೆ ಸಮೀಕರಣ ಬರೆದು ನಂಬಿಸಿದರು. ಉರಿಯುವಾಗ ಹೊರಗಿನ ಆಮ್ಲಜನಕವೂ ಸೇರಿಕೊಳ್ಳುವುದರಿಂದ ತೂಕ ಹೆಚ್ಚುವುದಂತೆ.

ಗೋಡೆಯ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಒಂದು ಅಂಗುಲ ದಪ್ಪದ ಫೋಮ್ ಹಲಗೆಗಳನ್ನು ಕೊರೆದು ಕೂಡಿಸಿದನು. ಆದರೂ ಮೊದಲ ಪರೀಕ್ಷೆಯ ರಾತ್ರಿ ಪಟ್ಟಿಗಳ ಉದ್ದಕ್ಕೂ ಇಬ್ಬನಿ ಸಾಲುಗಟ್ಟಿ ನಿಂತಿತು. ಬಿಸಿ ಸಾರಿನಲ್ಲಿಟ್ಟ ಸೌಟಿನ ಹಿಡಿಕೆ ಕೈ ಸುಡುವಂತೆ, ಲೋಹವು ಹೊರಗಿನ ಚಳಿಯನ್ನು ನೇರವಾಗಿ ಒಳಕ್ಕೆ ತರುತ್ತಿದ್ದಿತು. ಪಟ್ಟಿಗಳ ಮೇಲೆಯೂ ಕಾರ್ಕಿನ ಹಾಳೆ ಅಂಟಿಸಬೇಕಾಯಿತು. ತಿರುಪುಮೊಳೆಗಳ ತಲೆಗಳನ್ನು ಸಹ ಬಿಡಲಿಲ್ಲ; ಒಂದೊಂದಕ್ಕೂ ಕುಂಕುಮದ ಬೊಟ್ಟಿನಂತೆ ಕೆಂಪು ಉಣ್ಣೆಯ ತುಣುಕು ಹಚ್ಚಿದ ಕೆಲಸ ನಮ್ಮದು. ಒಟ್ಟು ನೂರಾ ಎಂಬತ್ತನಾಲ್ಕು ಬೊಟ್ಟು!

ಹಾಸಿಗೆಯ ಕೆಳಗೂ ಇದೇ ಉಪದ್ರವ. ಹಲಗೆಯ ಮೇಲೆ ನೇರವಾಗಿ ಹಾಸಿದರೆ ಮೈಯ ಬಿಸಿ ಆವಿ ಕೆಳಗಿಳಿದು ಹಲಗೆಗೆ ತಾಗಿ, ನಾಲ್ಕು ದಿನಗಳಲ್ಲಿ ಬೂಷ್ಟು ಹಿಡಿಯುವುದು. ಕಟ್ಟಿಗೆಯ ಪಟ್ಟಿಗಳನ್ನು ಸಂದು ಬಿಟ್ಟು ಜೋಡಿಸಿ, ಅದರ ಮೇಲೆ ಹಾಸಿಗೆ ಹಾಕಿದನು. ನಮ್ಮ ಅಜ್ಜನ ಹೊರಸಿನ ಹಗ್ಗದ ನೇಯ್ಗೆಯ ಗುಣ ಆ ದಿನ ನಮಗೆ ಅರ್ಥವಾಯಿತು. ಊರಿನಿಂದ ಒಯ್ದಿದ್ದ ಕೌದಿಯನ್ನು ಬಾಗಿಲಿಗೆ ಪರದೆಯಾಗಿ ತೂಗಬಿಟ್ಟೆವು. ನೋಟಕ್ಕೆ ಬಹಳ ಚೆಂದ, ಕೆಲಸಕ್ಕೆ ಅಷ್ಟಕ್ಕಷ್ಟೆ. ಹತ್ತಿಯ ಬಟ್ಟೆ ನೀರು ಕುಡಿಯುವುದು. ಬೆಳಗಾಗುವಾಗ ಅದರ ಕೆಳ ಅಂಚು ಒದ್ದೆ. ಅಲ್ಲಿಗೆ ಕಂಬಳಿಯೇ ಯೋಗ್ಯ. ಉಣ್ಣೆ ತುಸು ನೆನೆದರೂ ಬೆಚ್ಚಗಿಡುವುದು. ಕೌದಿಗೆ ಬೇರೊಂದು ಉದ್ಯೋಗ ದೊರಕಿತು. ಏಳೂವರೆ ಸಾವಿರ ಅಡಿಯೆತ್ತರದಲ್ಲಿ ನೀರು ೯೨ ಡಿಗ್ರಿಗೇ ಕುದಿಯುವುದರಿಂದ ಕುಕ್ಕರಿಲ್ಲದೆ ಬೇಳೆ ಬೇಯದು. ಕುಕ್ಕರು ಸೀಟಿ ಹಾಕುತ್ತ ಹೋದರೆ ಮನೆಯೆಲ್ಲ ಆವಿ. ಒಂದು ಸೀಟಿಯಾದೊಡನೆ ಇಳಿಸಿ, ಕೌದಿಯಲ್ಲಿ ಸುತ್ತಿ ಒಂದು ತಾಸು ಬಿಟ್ಟರೆ, ಬೇಳೆ ತಾನೇ ಬೆಂದಿರುತ್ತಿದ್ದಿತು. ಉಳಿದಂತೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಇವಕ್ಕೆ ಒಲೆಯೇ ಬೇಡ.

ನೀರನ್ನು ಹೊರಗಿನ ತೊಟ್ಟಿಯಲ್ಲಿಡದೆ ಡಬ್ಬಿಗಳಲ್ಲಿ ಮುಕ್ಕಾಲು ತುಂಬಿಸಿ ಆಸನದ ಕೆಳಗೆ ಇಟ್ಟೆವು. ಹೆಪ್ಪುಗಟ್ಟಿದರೂ ಹಿಗ್ಗಲು ಎಡೆಯಿರಲೆಂದು. ಲಿಥಿಯಂ ಬ್ಯಾಟರಿಯೂ ಒಳಗೇ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಅದಕ್ಕೆ ವಿದ್ಯುತ್ತು ತುಂಬಿದರೆ ಕೆಡುವುದಂತೆ. ಕಾಯಿಸುವುದಕ್ಕೆ ಸಣ್ಣದೊಂದು ಡೀಸೆಲ್ ಹೀಟರು. ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದು, ಹೊಗೆಯನ್ನು ಹೊರಕ್ಕೇ ಬಿಟ್ಟು, ಒಣ ಬಿಸಿಗಾಳಿಯನ್ನಷ್ಟೆ ಒಳಗೆ ಊದುವುದು ಅದರ ಹೆಚ್ಚುಗಾರಿಕೆ. ಇಷ್ಟೆಲ್ಲ ಗಾಳಿ ತಡೆದ ಮೇಲೆ ಮಗನು ಛಾವಣಿಯ ಕಿಂಡಿಯನ್ನೂ ಕೆಳಗಿನ ಕಿಟಕಿಯನ್ನೂ ಎರಡೆರಡು ಬೆರಳು ತೆರೆದಿಡಲು ಹೇಳಿದನು. ಕಾಸು ಕಾಸು ಕೂಡಿಸಿ ತುಂಬಿದ ಕೊಡಕ್ಕೆ ತೂತು ಕೊರೆದಂತೆ ನಮಗೆ ಕಂಡಿತು.

ಮಾರ್ಚಿಯ ಮೊದಲ ವಾರ ಹೊರಟು, ೯,೪೧೩ ಅಡಿಯೆತ್ತರದ ಲಾ ವೀಟಾ ಘಟ್ಟವನ್ನು ದಾಟಿದೆವು. ಬಲಗಡೆ ಸಾಂಗ್ರೆ ದೆ ಕ್ರಿಸ್ತೊ ಪರ್ವತಗಳು ಬೆಳ್ಳಗೆ ನಿಂತಿದ್ದುವು. ಆಚೆಗೆ ಹರಿವಾಣದಂತೆ ಚಪ್ಪಟೆಯಾದ ಕಣಿವೆ; ಸುತ್ತಣ ಬೆಟ್ಟಗಳಿಂದ ತಣ್ಣನೆಯ ಭಾರವಾದ ಗಾಳಿ ರಾತ್ರಿಯಲ್ಲಿ ಇಳಿದು ಬಂದು ಅಲ್ಲಿಯೇ ಮಡುಗಟ್ಟುವುದು. ಇದೇ ಪರ್ವತಗಳನ್ನು ೧೮೦೭ರ ಜನವರಿಯಲ್ಲಿ ಜೆಬ್ಯುಲನ್ ಪೈಕ್ ಎಂಬ ಸೇನಾಧಿಕಾರಿ ತನ್ನ ತಂಡದೊಡನೆ ದಾಟಿದನು. ಬೇಸಿಗೆಯ ಹತ್ತಿಯ ಉಡುಪಿನಲ್ಲಿ ಹೊರಟ ಜನ. ಕಂಬಳಿಗಳನ್ನು ಹರಿದು ಕಾಲಿಗೆ ಸುತ್ತಿಕೊಂಡರು. ಪಾದ ಮರಗಟ್ಟಿ ನಡೆಯಲಾರದವರನ್ನು ದಾರಿಯಲ್ಲಿಯೇ ಬಿಟ್ಟು ಮುಂದರಿಯಬೇಕಾಯಿತು. ಕ್ರೌಂಚಗಳಿಗೆ ಈ ಚಳಿ ಗಣ್ಯವೇ ಇಲ್ಲ. ನ್ಯೂ ಮೆಕ್ಸಿಕೊದಲ್ಲಿ ಚಳಿಗಾಲ ಕಳೆದು, ಉತ್ತರಕ್ಕೆ ಹೋಗುವ ದಾರಿಯಲ್ಲಿ ಇಲ್ಲಿ ತಂಗಿ, ಗದ್ದೆಗಳಲ್ಲಿಯ ಬಾರ್ಲಿ ತಿಂದು ಮೈತುಂಬಿಕೊಳ್ಳುವುವು.

ಮಾಂಟಿ ವಿಸ್ಟಾ ಊರ ಬಳಿಯ ಬಯಲೊಂದರಲ್ಲಿ ಟ್ರಕ್ಕು ನಿಲ್ಲಿಸಿದೆವು. ರಾತ್ರಿ ಹತ್ತಕ್ಕೆ ಒಳಗೆ ೧೬ ಡಿಗ್ರಿ; ಯಜಮಾನರು ಬನಿಯನ್ನಿನಲ್ಲಿ ಕುಳಿತು ಹಕ್ಕಿಗಳ ಪುಸ್ತಕ ಓದುತ್ತಿದ್ದರು. ಒಂದೂವರೆ ಗಂಟೆಗೆ ಮೂಗು ತಣ್ಣಗಾಗಿ ನಮಗೆ ಎಚ್ಚರವಾಯಿತು. ಹೀಟರಿನ ಸದ್ದಿಲ್ಲ. ಒಳಗೆ ೨ ಡಿಗ್ರಿ, ಹೊರಗೆ ಸೊನ್ನೆಗಿಂತ ೧೭ ಕೆಳಗೆ. ಯಜಮಾನರು ನಿದ್ದೆಯಲ್ಲಿಯೇ ಕೆಮ್ಮುತ್ತಿದ್ದರು. ಮಗನು ದಿನವೆಲ್ಲ ಗಾಡಿ ನಡೆಸಿ ದಣಿದವನು; ಪಾಪ, ಮಲಗಲಿ ಎಂದು ನಾವೇ ಸದ್ದಿಲ್ಲದೆ ಇಳಿದು, ಒಲೆಯನ್ನು ಸಣ್ಣಗೆ ಉರಿಸಿ, ಮೇಲೊಂದು ನೀರಿನ ಪಾತ್ರೆಯಿಟ್ಟೆವು. ಅಷ್ಟು ಸಾಲದೆ ಟವೆಲು ತುರುಕಿ ಎರಡೂ ಕಿಂಡಿಗಳನ್ನು ಮುಚ್ಚಿದೆವು. ಬೆಚ್ಚಗಾಯಿತು. ಯಜಮಾನರ ಕೆಮ್ಮು ನಿಂತಿತು. ನಾವು ಬುದ್ಧಿವಂತರಾದೆವೆಂದು ಮಲಗಿದೆವು.

ಮೂರು ಗಂಟೆಯ ಮೇಲೆ ಕಿವಿ ಹರಿಯುವಂತೆ ಕೂಗು. ಹಾಸಿಗೆಯ ಬಳಿ ಮಗನು ಹಾಕಿದ್ದ ಕಾರ್ಬನ್ ಮೊನಾಕ್ಸೈಡಿನ ಎಚ್ಚರಿಕೆಯ ಯಂತ್ರ. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ತೀರುತ್ತ ಬಂದು, ತಣ್ಣನೆಯ ಪಾತ್ರೆಯ ಅಡಿಯಲ್ಲಿ ಜ್ವಾಲೆ ಪೂರ್ತಿ ಉರಿಯದೆ ಹುಟ್ಟಿದ ವಿಷಾನಿಲ, ಬಣ್ಣವಿಲ್ಲ, ವಾಸನೆಯಿಲ್ಲ. ಮಗನು ಬಾಗಿಲನ್ನು ಒದ್ದು ತೆರೆದು, ಒಲೆ ಆರಿಸಿ, ತಂದೆಯನ್ನು ಕಂಬಳಿ ಸಹಿತ ಎಳೆದು ಹೊರತಂದನು. “ಖಿಡಕಿ ಯಾರ ಮುಚ್ಚಿದ್ರು?” ಎಂದು ಒಮ್ಮೆ ಕೇಳಿದನು, ನಮ್ಮ ಮುಖ ನೋಡಿ ಎರಡನೆಯ ಸಲ ಕೇಳಲಿಲ್ಲ. ಯಜಮಾನರು ತಲೆ ಹಿಡಿದುಕೊಂಡು ಹಿಮದ ಮೇಲೆ ವಾಂತಿ ಮಾಡಿದರು.

ಆಸ್ಪತ್ರೆಗೆ ಹೋಗುವುದೇ ಸರಿಯೆಂದು ಮಗನು ಹಟ ಹಿಡಿದನು. ನಮ್ಮಲ್ಲಿದ್ದ, ಬೆರಳಿಗೆ ಸಿಕ್ಕಿಸುವ ಯಂತ್ರವು ೯೩ ಎಂದು ತೋರಿಸುತ್ತಿದ್ದಿತು. ಎಲ್ಲ ಸರಿಯಾಗಿದೆಯಲ್ಲ ಎಂದೆವು. ಆ ಯಂತ್ರಕ್ಕೆ ರಕ್ತದಲ್ಲಿರುವುದು ಆಮ್ಲಜನಕವೋ ಈ ವಿಷವೋ ಎಂಬ ಭೇದ ತಿಳಿಯದೆಂದೂ, ರಕ್ತವನ್ನೇ ಪರೀಕ್ಷಿಸಬೇಕೆಂದೂ ಅಲ್ಲಿಯ ವೈದ್ಯೆ ಹೇಳಿದಳು. ಮೂವರ ರಕ್ತವನ್ನೂ ತೆಗೆದರು. ಯಜಮಾನರಿಗೆ ಮುಸುಕು ಹಾಕಿ ಮೂರು ತಾಸು ಆಮ್ಲಜನಕ ಕೊಟ್ಟರು. ಆ ಮೂರು ತಾಸು ಅವರ ಕಾಲಬಳಿ ಕುಳಿತು ನಾವು ನೆನೆದುದನ್ನು ಇಲ್ಲಿ ಬರೆಯಲಾರೆವು. ಹತ್ತು ಗಂಟೆಗೆ ಮುಸುಕು ತೆಗೆದಾಗ ಅವರು ಕೇಳಿದ ಮೊದಲ ಮಾತು, “ಹಕ್ಕಿ ಹಾರಿ ಹೋದವೇನು?”

ಹೀಟರು ನಿಂತುದಕ್ಕೆ ಎತ್ತರವೇ ಕಾರಣ. ಆ ಕಣಿವೆಯ ಗಾಳಿಯ ಒತ್ತಡ ಸಮುದ್ರತೀರದ ಮುಕ್ಕಾಲು ಪಾಲು. ಗಾಳಿ ತೆಳ್ಳಗಾದರೂ ಎಣ್ಣೆ ಅಷ್ಟೇ ಬೀಳುತ್ತಿದ್ದುದರಿಂದ ಒಳಗೆ ಮಸಿ ಕಟ್ಟಿತ್ತು. ಮಗನು ಮಧ್ಯಾಹ್ನವೆಲ್ಲ ಕುಳಿತು ಮಸಿ ತೆಗೆದು, ಎಣ್ಣೆಯ ಪಂಪಿನ ವೇಗವನ್ನು ಇಳಿಸಿದನು. ಡೆನ್ವರಿಗೆ ಮರಳೋಣವೆಂದು ನಾವು. ಇನ್ನೊಂದು ರಾತ್ರಿ ಇರೋಣವೆಂದು ಯಜಮಾನರು. ವೈದ್ಯೆಯನ್ನು ಕೇಳಿದ್ದಾಯಿತು, ಅವರದೇ ಗೆದ್ದಿತು.

ಆ ರಾತ್ರಿ ನಾವು ನಿದ್ದೆ ಮಾಡಲಿಲ್ಲ. ಐದು ಸಲ ಎದ್ದು ಕಿಂಡಿಗೆ ಕೈಯಿಟ್ಟು ನೋಡಿದೆವು. ಎರಡು ಬೆರಳ ಸಂದಿನಿಂದ ಕತ್ತಿಯಂಥ ಗಾಳಿ ಬರುತ್ತಿದ್ದಿತು, ಬರಲೆಂದೆವು. ಹೀಟರು ಒಂದೇ ಸಮನೆ ಗುನುಗುತ್ತಿದ್ದಿತು. ಒಳಗೆ ೧೩ ಡಿಗ್ರಿ, ಗೋಡೆ ಒಣಗಿತ್ತು. ನಾವು ಉಣ್ಣೆ ಹಚ್ಚಲು ಮರೆತ ಒಂದೇ ಒಂದು ಮೊಳೆಯ ತಲೆಯ ಮೇಲೆ ಸಾಸಿವೆಯಷ್ಟು ಹಿಮ ಕುಳಿತಿತ್ತು.

ನಸುಕಿನಲ್ಲಿ ಪಕ್ಷಿಧಾಮದ ರಸ್ತೆಯ ಅಂಚಿಗೆ ಹೋಗಿ ನಿಂತೆವು. ಬೇಟೆಯಾಡುವ ಮೃಗಗಳ ಭಯಕ್ಕೆ ಕ್ರೌಂಚಗಳು ರಾತ್ರಿಯೆಲ್ಲ ಆಳವಿಲ್ಲದ ನೀರಿನಲ್ಲಿ ನಿಂತೇ ಕಳೆಯುವುವು. ಬೂದುಬಣ್ಣದ ಆ ಸಾಲುಗಳು ಮೊದಲು ಜೊಂಡಿನಂತೆಯೇ ಕಂಡುವು. ಸೂರ್ಯನು ಬೆಟ್ಟದ ಅಂಚಿಗೆ ಬಂದೊಡನೆ ಒಂದು ಕೂಗಿತು, ಆಮೇಲೆ ಸಾವಿರ. ಗಂಟಲಿನಲ್ಲಿ ಗಾಲಿ ಉರುಳಿದಂಥ ಆ ಧ್ವನಿ ಟ್ರಕ್ಕಿನ ಗಾಜನ್ನು ಅದುರಿಸುವಂತಿತ್ತು. ಸಾಲು ಸಾಲಾಗಿ ಎದ್ದು, ನಮ್ಮ ತಲೆಯ ಮೇಲೆಯೇ ಬಾರ್ಲಿಯ ಗದ್ದೆಗಳ ಕಡೆ ಹೊರಟುವು.

ಯಜಮಾನರು ಕಂಬಳಿ ಹೊದ್ದು ಕ್ಯಾಂಪರಿನ ಮೆಟ್ಟಿಲ ಮೇಲೆ ಕುಳಿತಿದ್ದರು. ದುರ್ಬೀನು ಮಡಿಲಲ್ಲಿಯೇ ಇದ್ದಿತು. ತುಟಿಗಳು ಆಡುತ್ತಿದ್ದುದರಿಂದ ಎಣಿಸುತ್ತಿರುವರೆಂದು ತಿಳಿಯಿತು. ನಾನೂರಕ್ಕೆ ಬಂದು ಬಿಟ್ಟುಬಿಟ್ಟರು. ಒಂದು ರೊಟ್ಟಿ ಕೊಡೆಂದರು.