ಸುಮನೋಬಾಣನ ವೃತ್ತಿ: ಮಗನ ಮಾತು, ಮೊಮ್ಮಗನ ಮಾತು

ಹಳಗನ್ನಡ ಕವಿಗಳಲ್ಲಿ ಕೆಲವರು ತಮ್ಮ ಮನೆತನದ ಕಸುಬನ್ನು ಯಾವ ಸಂಕೋಚವೂ ಇಲ್ಲದೆ ಹೇಳಿಕೊಂಡಿದ್ದಾರೆ. ರನ್ನ ತಾನು ಬಳೆಗಾರರ ಕುಲದವನೆಂದು ಹೇಳಿಕೊಂಡುದು ಪ್ರಸಿದ್ಧವಾಗಿದೆ. ಪಂಪನ ತಮ್ಮ ಜಿನವಲ್ಲಭನು ಕುರ್ಕ್ಯಾಲದ ಬಂಡೆಯ ಮೇಲೆ ಬರೆಸಿದ ಶಾಸನವು ತಾಯಿಯ ಕಡೆಯ ಹಿರಿಯನನ್ನು ಅಣ್ಣಿಗೇರಿಯ ಜೋಯಿಸ ಸಿಂಘ ಎಂದು ಕರೆಯುತ್ತದೆ. ಅಲ್ಲಿ ಹೆಸರಿನ ಹಿಂದೆಯೇ ವೃತ್ತಿ ನಿಂತಿದೆ. ಆದರೆ ಎಲ್ಲ ಮನೆತನಗಳೂ ಇಷ್ಟು ಸ್ಪಷ್ಟವಾಗಿ ಮಾತನಾಡುವುದಿಲ್ಲ. ಹೊಯ್ಸಳರ ಕಾಲದ ಒಂದು ಕವಿಕುಟುಂಬದ ಹಿರಿಯನು ತನ್ನ ವೃತ್ತಿಯನ್ನು ಒಂದೇ ಒಂದು ಪದದೊಳಗೆ ಬಚ್ಚಿಟ್ಟು ಹೋಗಿದ್ದಾನೆ. ಅವನು ಸುಮನೋಬಾಣ.

ಸುಮನೋಬಾಣನ ಕೃತಿಯೊಂದೂ ಇಂದು ಉಳಿದಿಲ್ಲ. ಅವನನ್ನು ಬಲ್ಲುದು ಅವನ ಸಂತತಿಯ ಮಾತುಗಳಿಂದ ಮಾತ್ರ. ಮಗ ಜನ್ನ, ೧೨೦೯ರಲ್ಲಿ ‘ಯಶೋಧರಚರಿತೆ’ಯನ್ನೂ ೧೨೩೦ರಲ್ಲಿ ‘ಅನಂತನಾಥಪುರಾಣ’ವನ್ನೂ ಬರೆದವನು. ಮಗಳ ಗಂಡ ಮಲ್ಲಿಕಾರ್ಜುನ, ‘ಸೂಕ್ತಿಸುಧಾರ್ಣವ’ವೆಂಬ ಸಂಕಲನವನ್ನು ಸಿದ್ಧಪಡಿಸಿದವನು. ಮಗಳ ಮಗ ಕೇಶಿರಾಜ, ‘ಶಬ್ದಮಣಿದರ್ಪಣ’ದ ಕರ್ತೃ. ಹೀಗೆ ಕವಿ, ಸಂಕಲನಕಾರ, ವೈಯಾಕರಣ ಮೂವರೂ ಒಂದೇ ಮನೆಯ ನೆರಳಿನವರು. ಈ ಮನೆಯ ‘ಕಾಗದಪತ್ರ’ಗಳೆಂದರೆ ಅವರ ಕಾವ್ಯಪೀಠಿಕೆಗಳೇ.

ಜನ್ನನಿಂದ ತಿಳಿಯುವಂತೆ ಅವನ ತಂದೆಯ ಹೆಸರು ಶಂಕರ, ತಾಯಿ ಗಂಗಾದೇವಿ. ತಂದೆಗೆ ಸುಮನೋಬಾಣನೆಂಬ ಬಿರುದು. ಅವನು ಹೊಯ್ಸಳ ನರಸಿಂಹನಲ್ಲಿ ‘ಕಟಕೋಪಾಧ್ಯಾಯ’ನಾಗಿದ್ದವನು. ಕೇಶಿರಾಜನು ತನ್ನ ವ್ಯಾಕರಣದ ಆರಂಭದಲ್ಲಿ ತಾನು ಸುಮನೋಬಾಣನ ದೌಹಿತ್ರನೆಂದು ಹೇಳಿ, ತಾತನನ್ನು ‘ಯಾದವಕಟಕಾಚಾರ್ಯ’ ಎಂದು ಕರೆಯುತ್ತಾನೆ. ಯಾದವರೆಂದರೆ ಇಲ್ಲಿ ಹೊಯ್ಸಳರೇ. ಮಗ ಉಪಾಧ್ಯಾಯನೆಂದುದನ್ನು ಮೊಮ್ಮಗ ಆಚಾರ್ಯನೆಂದ. ಎರಡಕ್ಕೂ ಸಮಾನವಾಗಿ ಉಳಿದುದು ‘ಕಟಕ’ ಎಂಬ ಶಬ್ದ.

ತೊಡಕು ಇರುವುದು ಆ ಶಬ್ದದಲ್ಲಿಯೇ. ಸಂಸ್ಕೃತದಲ್ಲಿ ಕಟಕವೆಂದರೆ ಸೇನೆ, ಸೇನೆಯ ಬೀಡು. ಅರಸನ ಬೀಡು, ರಾಜಧಾನಿ ಎಂಬ ಅರ್ಥಗಳೂ ಉಂಟು. ಒರಿಸ್ಸಾದ ಕಟಕ ನಗರದ ಹೆಸರೂ ಇದೇ. ಮೊದಲ ಅರ್ಥವನ್ನು ಹಿಡಿದವರಿಗೆ ಸುಮನೋಬಾಣನು ಸೈನ್ಯದ ಶಿಕ್ಷಕನಾಗಿ ಕಾಣುತ್ತಾನೆ. ಎರಡನೆಯದನ್ನು ಹಿಡಿದವರಿಗೆ ಆಸ್ಥಾನದ ಗುರುವಾಗಿ ಕಾಣುತ್ತಾನೆ. ಜನ್ನನು ಇಮ್ಮಡಿ ನರಸಿಂಹನ ಬಳಿ ದಂಡಾಧೀಶನೂ ಮಂತ್ರಿಯೂ ಆಗಿದ್ದನೆಂಬುದು ಮೊದಲ ಪಕ್ಷಕ್ಕೆ ಬಲ ಕೊಡುವಂತೆ ತೋರುತ್ತದೆ. ಆದರೆ ಮಗನ ಪದವಿಯಿಂದ ತಂದೆಯ ವೃತ್ತಿಯನ್ನು ಊಹಿಸುವುದು ಕುಟುಂಬಚರಿತ್ರೆಯಲ್ಲಿ ಅಪಾಯದ ದಾರಿ. ಆ ಕಾಲದ ದಂಡನಾಯಕರಲ್ಲಿ ಅನೇಕರು ಯುದ್ಧದಷ್ಟೇ ಆಡಳಿತವನ್ನೂ ನೋಡಿಕೊಂಡವರು ಎಂಬುದನ್ನೂ ಮರೆಯುವಂತಿಲ್ಲ.

ಇಲ್ಲಿ ನೆರವಿಗೆ ಬರುವುದು ಇನ್ನೊಬ್ಬ ಕಟಕೋಪಾಧ್ಯಾಯ. ಜಗದೇಕಮಲ್ಲನ ಕಟಕೋಪಾಧ್ಯಾಯನಾಗಿದ್ದ ನಾಗವರ್ಮನನ್ನು ಜನ್ನನೇ ಸ್ಮರಿಸುತ್ತಾನೆ. ಜಗದೇಕಮಲ್ಲನೆಂಬ ಬಿರುದು ಕಲ್ಯಾಣದ ಚಾಲುಕ್ಯರಲ್ಲಿ ಒಬ್ಬರಿಗಿಂತ ಹೆಚ್ಚು ಅರಸರಿಗೆ ಇದ್ದುದರಿಂದ ಈ ನಾಗವರ್ಮನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ವೃತ್ತಿಯ ಪ್ರಶ್ನೆಗೆ ಆ ಚರ್ಚೆ ಅಡ್ಡಿಯಲ್ಲ. ಅವನ ಕೃತಿಗಳು ನಮ್ಮ ಮುಂದಿವೆ: ‘ಕಾವ್ಯಾವಲೋಕನ’, ‘ಕರ್ಣಾಟಕಭಾಷಾಭೂಷಣ’, ‘ವಸ್ತುಕೋಶ’. ಮೊದಲನೆಯದು ಕಾವ್ಯಲಕ್ಷಣ, ಅದರಲ್ಲಿಯೇ ‘ಶಬ್ದಸ್ಮೃತಿ’ಯೆಂಬ ವ್ಯಾಕರಣಭಾಗವಿದೆ, ಎರಡನೆಯದು ಸಂಸ್ಕೃತ ಸೂತ್ರಗಳಲ್ಲಿ ರಚಿತವಾದ ಕನ್ನಡ ವ್ಯಾಕರಣ, ಮೂರನೆಯದು ನಿಘಂಟು. ಒಬ್ಬ ಉಪಾಧ್ಯಾಯನ ಪಾಠಪಟ್ಟಿಯೇ ಇದು. ಇದರಲ್ಲಿ ಬಿಲ್ಲಿಗೂ ಕತ್ತಿಗೂ ಸ್ಥಳವಿಲ್ಲ.

‘ಉಪಾಧ್ಯಾಯ’ ಶಬ್ದವೂ ಇದನ್ನೇ ಸೂಚಿಸುತ್ತದೆ. ಮನುಸ್ಮೃತಿಯ ಪ್ರಕಾರ ವೇದದ ಒಂದು ಭಾಗವನ್ನೋ ವೇದಾಂಗಗಳನ್ನೋ ಜೀವನೋಪಾಯಕ್ಕಾಗಿ ಕಲಿಸುವವನು ಉಪಾಧ್ಯಾಯ. ಉಪನಯನ ಮಾಡಿ ಇಡೀ ವೇದವನ್ನು ಕಲಿಸುವವನು ಆಚಾರ್ಯ. ವ್ಯಾಕರಣ ಮತ್ತು ಛಂದಸ್ಸು ವೇದಾಂಗಗಳು. ಹಾಗಾದರೆ ಸುಮನೋಬಾಣನು ಅರಸನ ಬೀಡಿನಲ್ಲಿ ವೇತನಕ್ಕಾಗಿ ಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರು. ಹೊಯ್ಸಳರ ಅರಸುತನ ಬಯಸುತ್ತಿದ್ದುದೂ ಇಂಥವರನ್ನೇ. ಶಾಸನಗಳಲ್ಲಿ ಅರಸನು ಇಂಥ ‘ನೆಲೆವೀಡಿನಲ್ಲಿ’ ಸುಖದಿಂದ ರಾಜ್ಯವಾಳುತ್ತಿದ್ದನೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಬೀಡು ಎಲ್ಲಿದ್ದರೂ ಅಲ್ಲಿ ಲೆಕ್ಕ ಬರೆಯುವ ಕರಣಿಕ, ಪತ್ರ ಒಕ್ಕಣಿಸುವ ಸಂಧಿವಿಗ್ರಹಿ, ಶಾಸನ ರಚಿಸುವ ಕವಿ ಇರಲೇಬೇಕು. ಅಂಥವರ ಭಾಷೆಯನ್ನು ತಿದ್ದುವವನೊಬ್ಬ ಅಲ್ಲಿ ಬೇಕಾಗಿದ್ದುದು ಸಹಜ.

ಮಗನ ‘ಉಪಾಧ್ಯಾಯ’ ಮೊಮ್ಮಗನಲ್ಲಿ ‘ಆಚಾರ್ಯ’ ಆದುದನ್ನು ಹಿಗ್ಗಿಸಿ ಓದಬೇಕಾಗಿಲ್ಲ. ಕಂದಪದ್ಯದ ಮಾತ್ರೆಗಳ ಒತ್ತಡವೂ ಅದಕ್ಕೆ ಕಾರಣವಾಗಿರಬಹುದು. ಹೆಚ್ಚು ಗಮನಿಸತಕ್ಕುದು ಇನ್ನೊಂದು ಸಂಗತಿ. ಕೇಶಿರಾಜನು ತನ್ನ ವ್ಯಾಕರಣಕ್ಕೆ ಲಕ್ಷ್ಯವೆಂದು ಅಸಗ, ಗುಣವರ್ಮ, ಶ್ರೀವಿಜಯ, ಹೊನ್ನ, ಹಂಪ ಮೊದಲಾದವರನ್ನು ಹೆಸರಿಸುತ್ತಾನೆ. ಆ ಪಟ್ಟಿಯಲ್ಲಿ ತಾತನಿಲ್ಲ. ವಂಶವನ್ನು ಹೇಳುವಲ್ಲಿ ಮಾತ್ರ ತಾತನಿದ್ದಾನೆ, ಅದೂ ಕಟಕಾಚಾರ್ಯನೆಂಬ ಹುದ್ದೆಯೊಡನೆ. ವ್ಯಾಕರಣ ಬರೆಯಹೊರಟವನು ತನ್ನ ಅಧಿಕಾರವನ್ನು ತೋರಿಸಲು ತಾತನ ಕಾವ್ಯವನ್ನಲ್ಲ, ತಾತನ ಮೇಷ್ಟ್ರುಗಿರಿಯನ್ನು ಮುಂದಿಟ್ಟ. ಸೈನ್ಯಶಿಕ್ಷಕನ ಮೊಮ್ಮಗನೆಂದು ಹೇಳಿಕೊಳ್ಳುವುದರಿಂದ ವೈಯಾಕರಣನಿಗೆ ದೊರೆಯುವುದೇನು? ಭಾಷೆ ಕಲಿಸಿದವನ ಮೊಮ್ಮಗನೆಂದರೆ ಆ ಮಾತಿಗೆ ತೂಕ ಬರುತ್ತದೆ.

ಪೂರ್ವಿಕರಲ್ಲಿ ಯೋಧರನ್ನು ಹುಡುಕುವ ಆಸೆ ಇಂದಿನ ಮನೆತನಗಳಿಗೂ ಇದೆ. ಸುಮನೋಬಾಣನನ್ನು ಯೋಧರ ಗುರುವಾಗಿಸಿದರೆ ಅವನ ಚಿತ್ರ ರೋಚಕವಾದೀತು. ಆದರೆ ಆಗ ಮೂರು ತಲೆಮಾರುಗಳ ಕೊಂಡಿ ಕಳಚುತ್ತದೆ. ‘ಶಬ್ದಮಣಿದರ್ಪಣ’ ಎಲ್ಲಿಂದಲೋ ಹಠಾತ್ತನೆ ಬಂದ ಗ್ರಂಥವಾಗುತ್ತದೆ. ಅವನನ್ನು ಪಾಠ ಹೇಳುವವನೆಂದು ಒಪ್ಪಿಕೊಂಡರೆ ಜನ್ನನ ಬಿಗಿಯಾದ ಬಂಧವೂ ಮಲ್ಲಿಕಾರ್ಜುನನ ಆಯ್ಕೆಯ ವಿವೇಕವೂ ಕೇಶಿರಾಜನ ಸೂತ್ರನಿಷ್ಠೆಯೂ ಒಂದೇ ಜಗಲಿಯಲ್ಲಿ ನಡೆದ ಅಭ್ಯಾಸದ ಫಲವಾಗಿ ಕಾಣುತ್ತವೆ.

ಈ ಜಗಲಿಯಿಂದ ಆ ಜಗಲಿಗೆ ವಿದ್ಯೆಯನ್ನು ದಾಟಿಸಿದವಳು ಸುಮನೋಬಾಣನ ಮಗಳು: ಜನ್ನನ ಸೋದರಿ, ಮಲ್ಲಿಕಾರ್ಜುನನ ಮಡದಿ, ಕೇಶಿರಾಜನ ತಾಯಿ. ತಂದೆಯ ಹುದ್ದೆಯನ್ನು ಬರೆದಿಟ್ಟ ಆ ಪೀಠಿಕಾಪದ್ಯದಲ್ಲಿ ಅವಳ ಹೆಸರಿಲ್ಲ. ‘ದೌಹಿತ್ರ’ ಎಂಬ ಪದದೊಳಗಿನ ‘ದುಹಿತೃ’ವಾಗಿ ಮಾತ್ರ ಅವಳು ಉಳಿದಿದ್ದಾಳೆ.