ಕಾರಿಲ್ಲದ ಮನೆಯ ಸ್ಟಿಯರಿಂಗ್

ಪುಣೆಗೆ ಬಂದು ಇಪ್ಪತ್ತು ವರುಷವಾದರೂ ನಮ್ಮ ಮನೆಗೆ ಕಾರು ಬಂದಿಲ್ಲ. ಸ್ಟಿಯರಿಂಗ್ ಮಾತ್ರ ಬಂದಿದೆ. ಮಗ ಅದನ್ನು ಮೇಜಿಗೆ ಬಿಗಿದು, ಟಿ.ವಿ. ಮುಂದೆ ಕೂತು, ಪ್ಲೇಸ್ಟೇಷನ್ನಿನಲ್ಲಿ ‘ಗ್ರಾನ್ ಟುರಿಸ್ಮೊ’ ಕಾರುಪಂದ್ಯ ಆಡುತ್ತಾನೆ. ಲಾಜಿಟೆಕ್ ಜಿ29 ಎಂಬ ಈ ಚಕ್ರ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗುತ್ತದೆ. ಒಳಗಿರುವ ಎರಡು ಮೋಟಾರುಗಳು ಹಲ್ಲುಚಕ್ರಗಳ ಮೂಲಕ ಹಿಡಿದವರ ಕೈಯನ್ನು ಎದುರು ದಿಕ್ಕಿಗೆ ಜಗ್ಗುತ್ತವೆ.

ಬಿ.ಎಸ್ಸಿ. ಓದಿದ ಬುದ್ಧಿ ಸುಮ್ಮನಿದ್ದೀತೆ? ಕಚೇರಿಯಿಂದ ಬಂದು ನಾವೂ ಒಂದು ಕೈ ನೋಡಿದೆವು. ತಿರುವಿನಲ್ಲಿ ಓಡುವ ಕಾರಿನ ಮುಂದಿನ ಟೈರುಗಳು ನೇರವಾಗಲು ಹವಣಿಸುತ್ತವೆ. ಆ ಸೆಳೆತವನ್ನೇ ಆಟವು ಲೆಕ್ಕಹಾಕಿ ಮೋಟಾರಿಗೆ ತಿಳಿಸುತ್ತದೆ, ಕೈಗೆ ಭಾರವಾಗುತ್ತದೆ. ವೇಗ ಮಿತಿಮೀರಿ ಟೈರಿನ ಹಿಡಿತ ತಪ್ಪತೊಡಗಿದಾಗ ಈ ಭಾರ ಕಡಿಮೆಯಾಗುತ್ತದೆ. ಸ್ಟಿಯರಿಂಗ್ ಹಗುರವಾಯಿತೆಂದರೆ ಸಲೀಸಲ್ಲ, ಅಪಾಯದ ಸೂಚನೆ. ಪುಸ್ತಕದಲ್ಲಿ ಓದಿದ ‘ಟಾರ್ಕ್’ ನಮ್ಮ ಅಂಗೈಗೆ ತಿಳಿದದ್ದು ನಲವತ್ತು ದಾಟಿದ ಮೇಲೆ!

ಬರುವ ವರುಷ ಮಗನಿಗೆ 18 ತುಂಬುತ್ತದೆ. “ನಂಗೆ ಓಡಿಸೋಕೆ ಬರುತ್ತಪ್ಪ” ಎನ್ನುತ್ತಾನೆ. ಇದೇ ಆಟದ ಸ್ಪರ್ಧೆಯನ್ನು 2011ರಲ್ಲಿ ಗೆದ್ದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೊ ನಿಜವಾದ ರೇಸಿಗೆ ಇಳಿಯಲಿಲ್ಲವೇ ಎಂದು ಕೇಳುತ್ತಾನೆ. ಇಳಿದದ್ದು ಹೌದು, ಅದೂ ಕಾರಿನಲ್ಲೇ ಕೂತು ತರಬೇತಿ ಪಡೆದ ಮೇಲೆ. ಅಷ್ಟಾದರೂ 2015ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಪಂದ್ಯದಲ್ಲಿ ಆತನ ಕಾರು ಗಾಳಿಗೆದ್ದು ಬೇಲಿಯಾಚೆ ಬಿದ್ದು, ನೋಡಲು ಬಂದಿದ್ದವರೊಬ್ಬರು ತೀರಿಕೊಂಡರು. ಅಂಥ ಹೊರೆಯನ್ನು ಯಾವ ಮೋಟಾರೂ ಅಂಗೈಗೆ ತಿಳಿಸದು.

ಆಟ ಬೇಡವೆನ್ನುವುದಿಲ್ಲ. ಲೈಸೆನ್ಸಿಗೆ ಮಾತ್ರ ಡ್ರೈವಿಂಗ್ ಶಾಲೆಯಲ್ಲಿ ಮೊದಲ ಪಾಠದಿಂದಲೇ ಕಲಿಯಬೇಕೆಂದು ನಾವು ಗಂಡಹೆಂಡಿರು ಹೇಳಿದ್ದೇವೆ. ಮಗ ಮುಖ ಊದಿಸಿಕೊಂಡಿದ್ದಾನೆ, ಫೀಸು ತೆಗೆದಿಟ್ಟಾಗಿದೆ.