ಅರಮನೆ ಅಳಿದರೂ ಹರಿಯುವ ಕಾಲುವೆ

ಭೂಮಿಯಲ್ಲಿ ಸಂಚರಿಸಿ, ಗತಿಸಿದ ಜನಾಂಗಗಳ ಪರಿಣಾಮವನ್ನು ನೋಡುವಂತೆ ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆ. ನಮ್ಮ ಪ್ರವಚನಗಳಲ್ಲಿ ಕೆಲವೊಮ್ಮೆ ಹೆಮ್ಮೆಯಿಂದಲೂ ಕೆಲವೊಮ್ಮೆ ಕಣ್ಣೀರಿನಿಂದಲೂ ಸ್ಮರಿಸಲ್ಪಡುವ ಅಂದಲುಸನ್ನು ಕಾಣಲು ನಾವು ದಕ್ಷಿಣ ಸ್ಪೇನಿನ ಮೆಡಿಟರೇನಿಯನ್ ತೀರಕ್ಕೆ ಹೋದುದು ಈ ಕರೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಮಾಲಗಾ ನಗರದಲ್ಲಿ ಬಂದರಿಗೆ ಎದುರಾಗಿ 11ನೇ ಶತಮಾನದ ಅಲ್‌ಕಸಬಾ ಕೋಟೆ ನಿಂತಿದೆ. ಅದರ ಬುಡದಲ್ಲೇ ರೋಮನ್ನರ ರಂಗಮಂದಿರವಿದೆ. ಸುಮಾರು 1400 ಔಷಧ ದ್ರವ್ಯಗಳನ್ನು ದಾಖಲಿಸಿದ ಸಸ್ಯಶಾಸ್ತ್ರಜ್ಞ ಇಬ್ನುಲ್ ಬೈತಾರ್ ಈ ಮಾಲಗಾದ ಮಗ. ಅಲ್ಲಿಂದ ಪೂರ್ವಕ್ಕೆ, ಅದೇ ಕರಾವಳಿಯಲ್ಲಿರುವ ಪುಟ್ಟ ಊರು ಅಲ್ಮುನ್ಯೇಕರ್. ದಮಾಸ್ಕಸ್‌ನಲ್ಲಿ ಅಧಿಕಾರ ಕಳೆದುಕೊಂಡ ಉಮಯ್ಯಾ ವಂಶದ ರಾಜಕುಮಾರ ಅಬ್ದುರ್ರಹ್ಮಾನ್, ನಿರಾಶ್ರಿತನಾಗಿ ಅಲೆದು 755ರಲ್ಲಿ ಬಂದಿಳಿದದ್ದು ಇಲ್ಲಿಯೇ. ಅರಬರು ಈ ತೀರದಲ್ಲಿ ಕಬ್ಬು ಬೆಳೆಸಿದರು. ನಮ್ಮ ಸಕ್ಕರೆ, ಅರಬರ ಸುಕ್ಕರ್, ಸ್ಪೇನಿನವರ ಅಸೂಕರ್: ಮೂರೂ ಒಂದೇ ಮೂಲದ ಪದಗಳೆಂಬುದನ್ನು ನೆನೆದು ನಮಗೆ ಸಂತಸವಾಯಿತು.

ಕರಾವಳಿಯಿಂದ ಒಳನಾಡಿಗೆ ಬೆಟ್ಟಗಳನ್ನು ಏರಿದರೆ ಗ್ರಾನಡಾ. ಅಲ್‌ಹಂಬ್ರಾ ಅರಮನೆಯ ಗೋಡೆಗೋಡೆಯಲ್ಲೂ ಅಲ್ಲಾಹನ ಹೊರತು ವಿಜಯಿ ಬೇರಿಲ್ಲ ಎಂಬ ನಸ್ರಿ ವಂಶದ ಧ್ಯೇಯವಾಕ್ಯ ಕೆತ್ತಲ್ಪಟ್ಟಿದೆ. ಆದರೆ 1487ರಲ್ಲಿ ಮಾಲಗಾ ಮುತ್ತಿಗೆಗೆ ಸಿಲುಕಿ ಹಸಿವಿನಿಂದ ನರಳುತ್ತಿದ್ದಾಗ, ಅದೇ ವಂಶದ ಅಬೂ ಅಬ್ದುಲ್ಲಾ ಮತ್ತು ಅವನ ಚಿಕ್ಕಪ್ಪ ಸಿಂಹಾಸನಕ್ಕಾಗಿ ಪರಸ್ಪರ ಕಾದಾಡುತ್ತಿದ್ದರು. 1492ರ ಜನವರಿ 2ರಂದು ಗ್ರಾನಡಾದ ಕೀಲಿಕೈಯೂ ಕೈತಪ್ಪಿತು. ಗೋಡೆಯ ಮೇಲೆ ಕೆತ್ತಿದ ಮಾತು ಹೃದಯಕ್ಕೆ ಇಳಿಯದಿದ್ದರೆ ಗೋಡೆಗಳು ಯಾರನ್ನೂ ಕಾಯಲಾರವು.

ಕುರ್ತುಬಾದ ಮಹಾಮಸೀದಿಯನ್ನು ಕಟ್ಟಲು ಆರಂಭಿಸಿದವನು ಅಂದು ತೀರಕ್ಕೆ ಬಂದಿಳಿದ ಆ ನಿರಾಶ್ರಿತನೇ. ಎಂಟುನೂರಕ್ಕೂ ಹೆಚ್ಚು ಕಂಬಗಳ ಆ ಕಾಡಿನಲ್ಲಿ ಹಲವು ಕಂಬಗಳು ರೋಮನ್ನರ ಮತ್ತು ವಿಸಿಗೋಥರ ಹಳೆಯ ಕಟ್ಟಡಗಳಿಂದ ಬಂದವು. 1236ರಿಂದ ಅದು ಇಗರ್ಜಿ. ಇಂದು ಅಲ್ಲಿ ನಮಾಝ್‌ಗೆ ಅನುಮತಿಯಿಲ್ಲ. ಮಿಹ್ರಾಬ್‌ನ ಮುಂದೆ ನಿಂತು ನಾವು ಮನಸ್ಸಿನಲ್ಲೇ ದುಆ ಮಾಡಿದೆವು. ನೋವಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಇತರರು ಕಟ್ಟಿದ್ದು ನಮ್ಮ ಕೈಗೆ ಬಂದಂತೆ ನಾವು ಕಟ್ಟಿದ್ದೂ ಇತರರ ಕೈ ಸೇರುತ್ತದೆ ಎಂಬ ಸತ್ಯವನ್ನು ಆ ಕಂಬಗಳು ಮೌನವಾಗಿ ಹೇಳುತ್ತಿದ್ದವು.

ಹಾಗಾದರೆ ಉಳಿದದ್ದೇನು? ದಾರೋ ನದಿಯಿಂದ ಅಲ್‌ಹಂಬ್ರಾಕ್ಕೆ ನೀರು ತರಲು ತೋಡಿದ ಕಾಲುವೆ ಉಳಿದಿದೆ. ಕಾಲುವೆಗೆ ಸ್ಪೇನಿನ ರೈತ ಇಂದಿಗೂ ಅಸೆಕಿಯಾ ಎನ್ನುತ್ತಾನೆ. ಅದು ಅರಬಿಯ ಸಾಕಿಯಾ. ಇಬ್ನುಲ್ ಬೈತಾರರ ಜ್ಞಾನ ಉಳಿಯಿತು. ತಮಗಾಗಿ ಕೂಡಿಟ್ಟುಕೊಂಡ ಅಧಿಕಾರ ಅಳಿಯಿತು. ಜನರಿಗಾಗಿ ಹರಿಸಿದ ನೀರು, ಹಂಚಿದ ವಿದ್ಯೆ ಬಾಳಿದವು.

ಮನುಷ್ಯ ಮರಣಹೊಂದಿದ ಬಳಿಕವೂ ನಿಲ್ಲದ ಕರ್ಮಗಳಲ್ಲಿ ಪ್ರಯೋಜನಕಾರಿ ವಿದ್ಯೆಯೂ ಸದಕಾ ಜಾರಿಯಾವೂ ಸೇರಿವೆ ಎಂದು ಪ್ರವಾದಿವರ್ಯರು(ಸ) ನಮಗೆ ಕಲಿಸಿದ್ದಾರೆ. ಆದ್ದರಿಂದ ನಮ್ಮ ಮಕ್ಕಳಿಗೆ ಅಂದಲುಸಿನ ಅರಮನೆಗಳ ಕಥೆಯನ್ನಷ್ಟೇ ಹೇಳದೆ, ಆ ಕಾಲುವೆಯ ಕಥೆಯನ್ನೂ ಹೇಳೋಣ. ಬಳಿಕ ನಮ್ಮ ಊರಿಗೆ ನಾವು ತೋಡಬೇಕಾದ ಕಾಲುವೆ ಯಾವುದೆಂದು ಅವರೊಂದಿಗೆ ಕುಳಿತು ಯೋಚಿಸೋಣ.